ಒಳಕೋಣೆಗೆ ಮೆತ್ತಿದ ಮಣ್ಣು

ಯುರೇನಿಯಂ ಹುಡುಕಲು ನಮ್ಮೂರ ಕಲ್ಲುನೆಲದ ಮಡ್ಡಿಗೆ ಬಂದುಹೋದ ಇಲಾಖೆಯ ಹಿರಿಯ ಅಧಿಕಾರಿಗಳೇ,

ನೀವು ನೆಲದಾಳದಿಂದ ತೆಗೆದ ಮಣ್ಣು ನನ್ನ ಮನೆಯ ಗೋಡೆಯಲ್ಲಿದೆ. ಅದು ವಿಷವೋ ಅಲ್ಲವೋ ಎಂದು ಒಂದು ವರ್ಷದಿಂದ ಕೇಳುತ್ತಿದ್ದೇನೆ. ನಾಲ್ಕು ಅರ್ಜಿಗೂ ಉತ್ತರವಿಲ್ಲ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ರಾಯಬಾಗ ತಾಲೂಕಿನ ಕುರಿ ಕಾಯುವವನು, ಏಳನೆಯ ಇಯತ್ತೆ ಓದಿದವನು. ದಿನಚರಿ ಬರೆಯುವ ಚಟವಿರುವುದರಿಂದ ತಾರೀಖು ತಪ್ಪುವುದಿಲ್ಲ. 1989ರ ಸೆಪ್ಟೆಂಬರ್ 24. ನಿಮ್ಮ ಯಂತ್ರ ಮಡ್ಡಿಯನ್ನು ಕೊರೆದು ಬೂದುಬಣ್ಣದ ರಾಡಿಯಿಂದ ಪಕ್ಕದಲ್ಲಿ ತೋಡಿದ ಒಂದು ಕುಣಿ ತುಂಬಿಸಿತ್ತು. ಜರಡಿ ಹಿಡಿದಂಥ ನುಣುಪು. ದಸರೆಗೆ ಘಟ ಕೂಡಿಸುವ ಮುಂಚೆ ಮನೆ ಸಾರಿಸುವುದು ನಮ್ಮ ಪದ್ಧತಿ. ನನ್ನ ಹೆಂಡತಿ ಹೊಳೆವ್ವ ಬುಟ್ಟಿ ಹಿಡಿದು ಹೋದಳು.

"ಸಾಹೇಬ್ರ, ಈ ರಾಡಿ ಒಯ್ಯಲೇನ್ರಿ?"

"ಒಯ್ಯಿರಿ ಬಾಯಿ, ಕುಣಿ ಖಾಲಿಯಾದರೆ ನಮಗೇ ಒಳ್ಳೆಯದು" ಎಂದರು ನಿಮ್ಮವರು.

"ಸರಕಾರ ಪುಕ್ಕಟೆ ಕೊಡೂದು ಇದೊಂದ ನೋಡ್ರೆವ್ವಾ, ಬಿಡಬ್ಯಾಡ್ರಿ!" ಎಂದು ಅವಳು ಓಣಿಯ ಹೆಂಗಸರನ್ನೆಲ್ಲ ಕರೆದಳು. ಒಳಕೋಣೆಯ ನೆಲ, ಗೋಡೆಗೆ ಬೆರಳು ದಪ್ಪ ಮೆತ್ತಿದಳು.

ಮರುವರ್ಷ ಜೀಪಿನಲ್ಲಿ ಬಂದವರು ಟಿಕ್ ಟಿಕ್ ಎನ್ನುವ ಪೆಟ್ಟಿಗೆ ಹಿಡಿದು ಕುಣಿ ಸುತ್ತಿದರು, ತಂತಿಬೇಲಿ ಹಾಕಿದರು, ಯಾರೂ ಹತ್ತಿರ ಬರಬಾರದೆಂಬ ಹಲಗೆ ನೆಟ್ಟರು. ಹಿಂದಿ ಮತ್ತು ಇಂಗ್ಲಿಷಿನಲ್ಲಿ. ನಮ್ಮ ಕುರಿಗಳಿಗೆ ಎರಡೂ ಬರುವುದಿಲ್ಲ. ಮನೆಯ ಗೋಡೆಯ ಬಗ್ಗೆ ಕೇಳಿದರೆ "ಗಾಬರಿಯಾಗಬೇಡಿ" ಎಂದರು. ನಂಬಿದೆ. ಇನ್ನೊಂದು ಮಾತು ಕೇಳದೆ ಸುಮ್ಮನಾದದ್ದು ನನ್ನ ತಪ್ಪು. ಆದರೆ ಸ್ವಾಮಿ, ಕುಣಿಯ ತಳದಲ್ಲಿ ಉಳಿದ ಚೂರು ರಾಡಿಗೆ ಬೇಲಿ ಬೇಕಾದರೆ, ನಾವು ಮಲಗುವ ಕೋಣೆಯ ರಾಡಿಗೆ ಏನು ಬೇಕು?

1992ರಲ್ಲಿ ಹೊಳೆವ್ವ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಶ್ವಾಸಕೋಶದಲ್ಲಿ ಗಡ್ಡೆ ಎಂದ ಮಿರಜಿನ ಡಾಕ್ಟರು ಕಾರಣ ಹೇಳಲಿಲ್ಲ. ನಿಮ್ಮ ಮಣ್ಣೇ ಕೊಂದಿತೆಂದು ನಾನೂ ಹೇಳುವುದಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿರಬೇಕಾದವರು ಬಾಯಿ ಬಿಡುತ್ತಿಲ್ಲ.

ಈಗ ಮಗಳು ಸಾವಿತ್ರೆವ್ವನಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕರೆತರಲು ನಾನಿನ್ನೂ ಹೋಗಿಲ್ಲ. "ಹೆಣ್ತಿ ಹ್ವಾದ ಮ್ಯಾಲ ಮಗಳೂ ಭಾರ ಆದ್ಲೇನ್ರಿ ಬೀಗರ?" ಎಂದು ಸದಲಗಾದ ಬೀಗತಿ ಹೇಳಿ ಕಳಿಸಿದ್ದಾರೆ. ಮಗಳದು ಒಂದೇ ಹಟ: "ಅಪ್ಪಾ, ಅವ್ವ ಸಾರಿಸಿದ ಕೋಣ್ಯಾಗ ಹಡಿತೇನಿ." ಅವಳಿಗೆ ಏನು ಹೇಳಲಿ? ಕೆರೆದು ತೆಗೆದರೆ ಧೂಳು ಯಾರ ಎದೆ ಸೇರುತ್ತದೆ? ತೆಗೆದದ್ದನ್ನು ಯಾರ ಹೊಲಕ್ಕೆ ಸುರಿಯಲಿ? ಸಲಿಕೆ ಹಿಡಿದು ಕೋಣೆಯ ಹೊಸ್ತಿಲವರೆಗೆ ಹೋಗುತ್ತೇನೆ, ತಿರುಗಿ ಬರುತ್ತೇನೆ, ಮತ್ತೆ ಹೋಗುತ್ತೇನೆ.

ನನಗೆ ಪರಿಹಾರ ಬೇಡ. ಹದಿನೈದು ದಿನದೊಳಗೆ ನಿಮ್ಮವರು ಬಂದು ಗೋಡೆ ಪರೀಕ್ಷಿಸಲಿ. ಈ ಕೋಣೆಯಲ್ಲಿ ಕೂಸು ಹುಟ್ಟಬಹುದು, ಇಲ್ಲವೆ ಹುಟ್ಟಬಾರದು ಎಂದು ಕನ್ನಡದಲ್ಲಿ ಬರೆದು ಸಹಿ ಮಾಡಿ ಕೊಡಲಿ. ಹುಟ್ಟಬಹುದೆಂದು ಬರೆಯುವವರು ಮೊದಲು ಒಂದು ತಿಂಗಳು ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಮಲಗಲಿ. ರೊಟ್ಟಿ ನಾನೇ ಬಡಿದು ಹಾಕುತ್ತೇನೆ.

ಇಂತಿ,
ಬಸುರಿ ಮಗಳನ್ನು ಮನೆಗೆ ಕರೆಯಲು ಹೆದರುವ ಅಪ್ಪ,
ಮಲಕಾರಿ
9 ಆಗಸ್ಟ್ 1993