ಮಾತಾಡಿದ ತಪ್ಪಿಗೆ ದಾಖಲೆ ಕೋಣೆ ಸೇರಿದ ಸಿಸ್ಟರ್ ಕುರಿತು

ಮಾನ್ಯ ಆಸ್ಪತ್ರೆಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನ ಬಾಗಿಲ ಮೇಲೆ ಒಂದು ಫಲಕವಿದೆ: ‘ಇಲ್ಲಿ ಮಾತನಾಡುವುದನ್ನು ನಿಷೇಧಿಸಲಾಗಿದೆ.’ ಆ ಫಲಕವನ್ನು ತೆಗೆಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಜೊತೆಗೆ, ಅದನ್ನು ಮೀರಿದರೆಂದು ನೀವು ನೆಲಮಾಳಿಗೆಯ ದಾಖಲೆ ಕೋಣೆಗೆ ತಳ್ಳಿದ ನರ್ಸೊಬ್ಬರನ್ನು ಮರಳಿ ವಾರ್ಡಿಗೆ ಕಳಿಸಿ ಎಂದು ಕೇಳಲೂ ಬರೆಯುತ್ತಿದ್ದೇನೆ. ಅವರ ಮೇಲೆ ಹೆಸರು ಹಾಕದೆ ದೂರು ಬರೆದವಳು ನಾನೇ. ದೂರು ಬರೆದದ್ದು ಹೊಟ್ಟೆಕಿಚ್ಚಿಗೆ. ಇದನ್ನು ಹೇಳಿಕೊಂಡು ನಿಮ್ಮ ಕಚೇರಿಗೆ ಮೂರು ಸಲ ಹೆಸರು ಹಾಕಿ ಬರೆದೆ, ಉತ್ತರ ಬರಲಿಲ್ಲ. ಹೆಸರಿಲ್ಲದ ಚೀಟಿಗೆ ಮೂರೇ ದಿನದಲ್ಲಿ ಕ್ರಮ ಕೈಗೊಳ್ಳುವ ಕಚೇರಿ, ಹೆಸರಿರುವ ಕಾಗದಕ್ಕೆ ಯಾಕೆ ಮೂಕವಾಗುತ್ತದೆ ಎಂದು ಊರಿನವರೂ ಸ್ವಲ್ಪ ಯೋಚಿಸಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಬಸ್ ನಿಲ್ದಾಣದಲ್ಲಿ ಬಸ್ಸುಗಳು ಹೊರಡುವ ಹೊತ್ತನ್ನು ಮೈಕಿನಲ್ಲಿ ಹೇಳುವವಳು. ‘ಪ್ರಯಾಣಿಕರ ಗಮನಕ್ಕೆ’ ಎನ್ನುವ ದನಿ ನನ್ನದು. ಒಂಬತ್ತು ವರ್ಷದಿಂದ ದಿನಕ್ಕೆ ಎಂಟು ಗಂಟೆ, ಗುರುತು ಪರಿಚಯ ಇಲ್ಲದವರ ಕಿವಿಗೆಲ್ಲ ನನ್ನ ಮಾತು ಬಿದ್ದಿದೆ. ಕಡಲೆಕಾಯಿ ಮಾರುವವರು, ಜೇಬು ಕತ್ತರಿಸುವವರು, ಬೆಂಚಿನ ಮೇಲೆ ನಿದ್ದೆ ಹೊಡೆಯುವವರು ಯಾರೂ ಬಾಕಿ ಇಲ್ಲ. ಬಾಕಿ ಉಳಿದದ್ದು ನನ್ನ ಮಗಳೊಬ್ಬಳೇ. ಅವಳು ಹನ್ನೊಂದು ವಾರ ಮೊದಲೇ ಹುಟ್ಟಿದಳು. ನಿಮ್ಮ ವಾರ್ಡಿನ ಆರನೇ ನಂಬರಿನ ಗಾಜಿನ ಪೆಟ್ಟಿಗೆಯಲ್ಲಿ ಎಂಟು ವಾರ ಮಲಗಿದ್ದಳು. ನನಗೆ ದಿನಕ್ಕೆ ಎರಡು ಸಲ, ಸಲಕ್ಕೆ ಹದಿನೈದು ನಿಮಿಷ ಒಳಗೆ ಬಿಡುತ್ತಿದ್ದರು. ಬಾಯಿ ತೆರೆದರೆ ಕಾವಲಿನವರು ಫಲಕದ ಕಡೆ ಬೆರಳು ತೋರಿಸುತ್ತಿದ್ದರು. ಉಳಿದ ಹೊತ್ತೆಲ್ಲ ಕಾರಿಡಾರಿನ ಬೆಂಚು, ಅದರ ಎದುರಿಗೆ ದೊಡ್ಡ ಗಾಜು.

ಆ ಬೆಂಚಿನ ಮೇಲೆ ಕೂತು ನಾನು ಮಾಡಿದ್ದು ಒಂದೇ ಕೆಲಸ, ಕಂಡಕಂಡವರ ಮೇಲೆ ಕರುಬಿದ್ದು. ನನ್ನ ವಾರಗಿತ್ತಿಯೂ ಆಗ ಬಸುರಿ. ಒಂದೇ ಮನೆ, ಒಂದೇ ಅಡುಗೆಮನೆ, ಹೆರಿಗೆಗೆ ಡಾಕ್ಟರು ಕೊಟ್ಟ ದಿನಾಂಕಗಳಲ್ಲೂ ನಾಲ್ಕೇ ದಿನದ ವ್ಯತ್ಯಾಸ. ನನ್ನ ಮಗಳು ಹೊರಬಿದ್ದ ಮೇಲೂ ಅವಳ ಮಗ ಒಳಗೇ ಹಾಯಾಗಿದ್ದ. ಸಂಜೆ ನಾನು ಆಸ್ಪತ್ರೆಯಿಂದ ಬರುವಾಗ ಅವಳು ಕುರ್ಚಿಗೆ ಒರಗಿ ಹೊಟ್ಟೆ ಸವರಿಕೊಂಡು, ‘ಏನೋ ಕಳ್ಳ, ಒದೀತೀಯಾ?’ ಅಂತ ಮಾತಾಡಿಸುತ್ತಿರುತ್ತಿದ್ದಳು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಫಲಕ ಇರಲಿಲ್ಲ, ಸಮಯದ ಮಿತಿ ಇರಲಿಲ್ಲ. ಅವಳು ಟಿವಿ ನೋಡಿ ನಕ್ಕರೂ, ಗಂಡನನ್ನು ಬೈದರೂ ಆ ಮಗುವಿಗೆ ತಾಯಿಯ ದನಿ ಪುಕ್ಕಟೆ ಸಿಗುತ್ತಿತ್ತು. ಅವಳೋ ಒಳ್ಳೆಯವಳು, ಅದೇ ಇನ್ನೂ ಕಷ್ಟ. ‘ಅಕ್ಕಾ, ಊಟ ಬಡಿಸ್ಲಾ?’ ಅಂದಾಗಲೆಲ್ಲ ನಾನು ಮುಖ ತಿರುಗಿಸಿಕೊಂಡು ಮೆಟ್ಟಿಲು ಹತ್ತಿದ್ದೇನೆ.

ಆದರೆ ಆ ಹೊಟ್ಟೆಯುರಿ ಏನೇನೂ ಅಲ್ಲ. ನಿಜವಾದದ್ದು ಗಾಜಿನಾಚೆ ಇತ್ತು.

ವಾರ್ಡಿನಲ್ಲಿ ಹಗಲು ಪಾಳಿಯ ನರ್ಸೊಬ್ಬರಿದ್ದರು. ಐವತ್ತರ ಆಸುಪಾಸು, ಒಂದು ಕಾಲು ತುಸು ಎಳೆದು ನಡೆಯುವವರು. ಯಾವ ಮಗುವಿನ ಯಂತ್ರ ಕೂಗಿದರೂ ‘ಬಂದೆ, ಬಂದೆ, ಬಂದ್ಬಿಟ್ಟೆ’ ಎನ್ನುತ್ತಾ ಹೋಗುತ್ತಿದ್ದರು. ಅದಕ್ಕೇ ಬೆಂಚಿನ ತಾಯಂದಿರೆಲ್ಲ ಅವರಿಗೆ ‘ಬಂದೆ ಸಿಸ್ಟರ್’ ಅಂತ ಹೆಸರಿಟ್ಟಿದ್ದೆವು. ಅವರು ಒಂದೊಂದು ಪೆಟ್ಟಿಗೆಯ ಮುಂದೂ ಬಗ್ಗಿ, ಕೈತೂರಿಸುವ ಕಿಂಡಿ ತೆರೆದು ಏನೋ ಹೇಳುತ್ತಿದ್ದರು. ಹೇಳಿ, ಸುಮ್ಮನೆ ನಿಂತು ಮಗುವಿನ ಮುಖ ನೋಡುತ್ತಿದ್ದರು. ಮಗು ತುಟಿಯನ್ನೋ ಬೆರಳನ್ನೋ ಆಡಿಸಿದರೆ ‘ಹೌದಾ? ಆಮೇಲೆ?’ ಎಂಬಂತೆ ಹುಬ್ಬೇರಿಸುತ್ತಿದ್ದರು. ಒಂದು ಕಿಲೋ ತೂಗದ ಜೀವದ ಜೊತೆ ಇವರದೇನು ಹರಟೆ ಅಂತ ಮೊದಲು ನಗು ಬರುತ್ತಿತ್ತು. ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ನಾನು ಒಳಗಿದ್ದೆ. ಫಲಕಕ್ಕೆ ಹೆದರಿ ತುಟಿ ಕಚ್ಚಿಕೊಂಡು ಮಗಳ ಪಕ್ಕ ನಿಂತಿದ್ದೆ. ಅತ್ತ ಕಡೆಯ ಪೆಟ್ಟಿಗೆಯಿಂದ ಸಿಸ್ಟರ್ ‘ಬಂದೆ, ಬಂದೆ’ ಅಂದರು. ನನ್ನ ಮಗಳು ಕಣ್ಣು ತೆರೆದು, ಅಂಗೈಯಷ್ಟಿದ್ದ ಆ ಮುಖವನ್ನು ನಿಧಾನಕ್ಕೆ ನನ್ನಿಂದ ಆಚೆ ತಿರುಗಿಸಿದಳು.

ಹೊತ್ತು ಹೆತ್ತವಳು ಇಲ್ಲಿ ಕಂಬದ ಹಾಗೆ ನಿಂತಿದ್ದೇನೆ, ಸಂಬಳಕ್ಕೆ ಬಂದವರ ದನಿಗೆ ಮಗಳು ತಿರುಗುತ್ತಾಳೆ! ನಾನು ಹೊರಗೆ ಬಂದವಳೇ ಪರ್ಸಿನಲ್ಲಿದ್ದ ಬಸ್ ವೇಳಾಪಟ್ಟಿಯ ಹಿಂಬದಿಯಲ್ಲಿ ಬರೆದೆ: ‘ಹಗಲು ಪಾಳಿಯ ನರ್ಸ್ ನಿಯಮ ಮೀರಿ ಮಕ್ಕಳ ಬಳಿ ಅನವಶ್ಯಕವಾಗಿ ಮಾತನಾಡುತ್ತಾರೆ.’ ಮಡಚಿ, ನಿಮ್ಮ ಕೋಣೆಯ ಪಕ್ಕದ ಸಲಹಾ ಪೆಟ್ಟಿಗೆಗೆ ಹಾಕಿದೆ. ಆ ಪೆಟ್ಟಿಗೆಗೆ ಜನ ನೀರಿಲ್ಲದ ನಲ್ಲಿಯ ಬಗ್ಗೆ ಬರೆದಿದ್ದಾರೆ, ಚಿಲಕವಿಲ್ಲದ ಕಕ್ಕಸಿನ ಬಗ್ಗೆ ಬರೆದಿದ್ದಾರೆ. ನಲ್ಲಿಯಲ್ಲಿ ಇವತ್ತಿಗೂ ನೀರಿಲ್ಲ. ನೀವು ಕಿವಿಗೆ ಹಾಕಿಕೊಂಡದ್ದು ನನ್ನದೊಂದನ್ನೇ. ಇಷ್ಟು ಚೀಟಿಗಳಲ್ಲಿ ಅಪ್ಪಟ ಕೆಟ್ಟಬುದ್ಧಿಯದನ್ನೇ ಆರಿಸಿದಿರಲ್ಲ, ನಿಮ್ಮ ಕಣ್ಣನ್ನು ಮೆಚ್ಚಬೇಕು.

ಸಿಸ್ಟರ್ ಹೋದರು. ಅವರ ಜಾಗಕ್ಕೆ ಬಂದ ಹುಡುಗಿ ಬಹಳ ಶಿಸ್ತಿನವಳು, ತುಟಿ ಎರಡು ಮಾಡುತ್ತಿರಲಿಲ್ಲ. ಆಮೇಲಿನ ಐದು ವಾರ ನನ್ನ ಮಗಳು ಏನು ಕೇಳಿದಳು ಗೊತ್ತೇ? ಯಂತ್ರದ ಕೂಗು, ಚಕ್ರ ಕೆಟ್ಟ ಔಷಧಿ ಗಾಡಿಯ ಕಿರಿಕಿರಿ, ಕಾಲಲ್ಲಿ ಒತ್ತಿ ಬಿಟ್ಟಾಗ ದಡಾರನೆ ಬೀಳುವ ಕಸದ ಡಬ್ಬಿಯ ಮುಚ್ಚಳ. ಇಷ್ಟೆಲ್ಲಕ್ಕೂ ನಿಮ್ಮ ಫಲಕ ಅನ್ವಯಿಸುವುದಿಲ್ಲವೇ? ಅಬ್ಬರದ ಸದ್ದು ಅಷ್ಟು ಎಳೆಯ ಮಕ್ಕಳಿಗೆ ಒಳ್ಳೆಯದಲ್ಲ ಅನ್ನುವುದು ನನಗೂ ತಿಳಿಯುತ್ತದೆ, ಅದನ್ನು ತಡೆಯಬೇಕಾದದ್ದೇ. ಆದರೆ ನೀವು ಕಬ್ಬಿಣಕ್ಕೆ ಎಣ್ಣೆ ಹಾಕಿಸಲಿಲ್ಲ, ಮನುಷ್ಯರ ಬಾಯಿಗೆ ಬೀಗ ಹಾಕಿಸಿದಿರಿ. ಇದ್ದ ಗಲಾಟೆಯಲ್ಲಿ ಮೆತ್ತಗಿದ್ದದ್ದು ಅದೊಂದೇ, ಅದನ್ನೇ ತೆಗೆದಿರಿ.

ಮಗಳಿಗೆ ಒಂದೂವರೆ ವರ್ಷವಾದಾಗ ವಾರಗಿತ್ತಿಯ ಮಗ ‘ಅಮ್ಮ’ ಅನ್ನುತ್ತಿದ್ದ, ‘ತಾತ’ ಅನ್ನುತ್ತಿದ್ದ, ‘ಬೇಡ’ ಅಂತಲೂ ಅನ್ನುತ್ತಿದ್ದ. ನನ್ನನ್ನೂ ಅಮ್ಮ ಎಂದೇ ಕರೆಯುತ್ತಿದ್ದ ದೊರೆ! ಆ ಕರೆಗೆ ನಾನು ಓಗೊಡುತ್ತಿರಲಿಲ್ಲ ಎಂದು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ನನ್ನವಳದು ಬರೀ ನೋಟ. ‘ಇವಳೇ ಹನ್ನೊಂದು ವಾರ ದೊಡ್ಡೋಳು ಕಣೇ, ಆದ್ರೂ ಇನ್ನೂ ತುಟಿ ಬಿಚ್ಚಿಲ್ಲ,’ ಎಂದು ಅತ್ತೆ ಬಂದವರ ಮುಂದೆಲ್ಲ ಎತ್ತಿ ಆಡುತ್ತಿದ್ದರು. ಕೊನೆಗೆ ನಿಮ್ಮದೇ ಆಸ್ಪತ್ರೆಯ ಮಕ್ಕಳ ಬೆಳವಣಿಗೆ ವಿಭಾಗಕ್ಕೆ ಕರೆದುಕೊಂಡು ಹೋದೆ. ವಾರಗಿತ್ತಿಯ ಮಗನ ಜೊತೆ ಹೋಲಿಸಿ ಗೋಳು ಹೇಳಿಕೊಂಡೆ. ಅಲ್ಲಿನ ಡಾಕ್ಟರಮ್ಮ ಫಾರಂ ನೋಡಿ, ‘ಹದಿನೆಂಟು ತಿಂಗಳು ಅಂತ ಯಾರು ಬರೆದ್ರು? ಬೇಗ ಹುಟ್ಟಿದ ಎರಡೂವರೆ ತಿಂಗಳು ಕಳೀಬೇಕಲ್ವಾ? ಮಾತಿನ ಲೆಕ್ಕಕ್ಕೆ ಇವಳೂ ನಿಮ್ಮ ಮೈದುನನ ಮಗುವೂ ಒಂದೇ ವಯಸ್ಸು,’ ಅಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆ ಖುಷಿ ಎರಡು ನಿಮಿಷವೂ ಉಳಿಯಲಿಲ್ಲ. ಕಳೆದು ನೋಡಿದರೂ ಮಗು ಸ್ವಲ್ಪ ಹಿಂದಿದೆ ಅಂದರು. ಕಿವಿ ಪರೀಕ್ಷಿಸಿ, ಕೇಳಿಸುವುದರಲ್ಲಿ ತೊಂದರೆಯಿಲ್ಲ ಅಂದರು. ಆಮೇಲೆ ಕೇಳಿದರು, ‘ವಾರ್ಡಲ್ಲಿದ್ದಾಗ ಯಾರು ಮಾತಾಡಿಸ್ತಿದ್ರು?’

ಹೊಟ್ಟೆಯೊಳಗಿದ್ದಿದ್ದರೆ ಆ ವಾರಗಳಲ್ಲಿ ಮಗು ತಾಯಿಯ ದನಿ ಕೇಳುತ್ತಾ ಬೆಳೆಯುತ್ತಿತ್ತು, ಬೇಗ ಹೊರಬಂದ ಮಕ್ಕಳಿಗೆ ಅದನ್ನು ಹೊರಗಿನಿಂದ ಕೊಡಬೇಕು ಎಂದು ಅವರು ವಿವರಿಸಿದರು. ಇದೊಂದರಿಂದಲೇ ತಡವಾಯಿತು ಎನ್ನಲಾಗದು, ಕಾರಣ ಹಲವು ಇರುತ್ತವೆ, ಈಗಲೂ ಹೊತ್ತು ಮೀರಿಲ್ಲ ಎಂದೂ ಸಮಾಧಾನ ಹೇಳಿದರು. ಮಾಡಬೇಕಾದದ್ದು ಇಷ್ಟೇ: ‘ನೀವು ಮಾತಾಡಿ. ಆಮೇಲೆ ಸುಮ್ನಿರಿ. ಅವಳ ಸರದಿಗೆ ಕಾಯಿರಿ. ಏನು ಮಾಡಿದ್ರೂ ಅದೇ ಉತ್ತರ ಅನ್ಕೊಂಡು ಮತ್ತೆ ಮಾತಾಡಿ.’ ಬಂದೆ ಸಿಸ್ಟರ್ ಗಾಜಿನಾಚೆ ಮಾಡುತ್ತಿದ್ದದ್ದು ಇದನ್ನೇ, ಅಕ್ಷರಶಃ ಇದನ್ನೇ. ನಾನು ಹರಟೆ ಅಂದುಕೊಂಡಿದ್ದೆ. ನನ್ನ ಕೆಲಸವಾದರೂ ಎಂಥದ್ದು? ಹೇಳಿ ಮೈಕು ಆರಿಸುವುದು. ಯಾವ ಪ್ರಯಾಣಿಕನೂ ನನಗೆ ಉತ್ತರ ಕೊಟ್ಟಿಲ್ಲ, ನಾನು ಕಾದದ್ದೂ ಇಲ್ಲ. ಮನೆಯಲ್ಲೂ ಮಗಳಿಗೆ ಬಸ್ಸಿನ ಹೊತ್ತು ಹೇಳಿದಂತೆ ‘ಹಾಲು ಕುಡಿ, ಮಲಗು, ಬಾ’ ಅಂತ ಹೇಳುತ್ತಾ ಬಂದಿದ್ದೆ.

ಡಾಕ್ಟರಮ್ಮ ಹಳೆಯ ದಾಖಲೆಯ ಪ್ರತಿ ಬೇಕೆಂದರು. ನೆಲಮಾಳಿಗೆಗೆ ಇಳಿದೆ. ಟ್ಯೂಬ್‌ಲೈಟು ಮಿಟುಕುವ ಆ ಕೋಣೆಯ ಕೌಂಟರಿನ ಹಿಂದೆ ಬಂದೆ ಸಿಸ್ಟರ್ ಕೂತಿದ್ದರು. ನನ್ನ ಮುಖಕ್ಕಿಂತ ಮೊದಲು ಕೈಯಲ್ಲಿದ್ದ ಮಗುವನ್ನು ಗುರುತಿಸಿದರು. ‘ಆರನೇ ನಂಬರ್ ಅಲ್ವಾ ನೀನು? ಎಷ್ಟ್ ದೊಡ್ಡೋಳಾಗಿದೀಯೇ!’ ಅಂದು, ಎಂದಿನಂತೆ ಸುಮ್ಮನಾಗಿ ಅವಳ ಮುಖ ನೋಡಿದರು. ಮಗಳು ಕಾಲಾಡಿಸಿದಳು. ‘ಹೌದಾ? ಆಮೇಲೆ?’ ಅಂದರು.

‘ಇಲ್ಲಿ ಹೇಗಿದೆ ಸಿಸ್ಟರ್?’ ಎಂದೆ.

‘ಏನಮ್ಮಾ, ಫೈಲುಗಳು ಕೂಗಲ್ಲ,’ ಎಂದು ನಕ್ಕರು. ‘ಯಾರೋ ಚೀಟಿ ಹಾಕಿದ್ರಂತೆ. ಪಾಪ, ಅವರಿಗೂ ಏನು ಸಂಕಟ ಇತ್ತೋ.’

ಅವರು ಬೈದಿದ್ದರೆ ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೇನೋ. ಪಾಪ ಅಂದುಬಿಟ್ಟರು. ಪ್ರತಿ ತೆಗೆದುಕೊಂಡು ಕಳ್ಳಿಯ ಹಾಗೆ ಮೆಟ್ಟಿಲು ಹತ್ತಿ ಬಂದೆ.

ಹೋದ ತಿಂಗಳು, ಇಪ್ಪತ್ತೊಂದು ತಿಂಗಳಿಗೆ, ನನ್ನ ಮಗಳು ಮೊದಲ ಮಾತಾಡಿದಳು. ನಾನು ಬಟ್ಟೆ ಮಡಚುತ್ತಿದ್ದೆ. ಒಳಗೆ ಬಟ್ಟೆ ಒಗೆಯುವ ಮೆಷಿನ್ನು ಕೆಲಸ ಮುಗಿಸಿ ಕೂಗಿತು. ಅವಳು ಆಟದ ಸಾಮಾನು ಬಿಟ್ಟು ಎದ್ದಳು, ಮೆಷಿನ್ನಿನ ಕಡೆ ಪುಟುಪುಟು ಹೆಜ್ಜೆ ಹಾಕುತ್ತಾ ‘ಬಂದೆ’ ಅಂದಳು. ಮತ್ತೆ, ಗಟ್ಟಿಯಾಗಿ, ‘ಬಂದೆ!’

‘ಅಮ್ಮ ಅನ್ನೋದು ಬಿಟ್ಟು ಇದೇನೇ ಇದು?’ ಎಂದರು ಅತ್ತೆ.

ವಾರಗಿತ್ತಿ ನಕ್ಕಳು. ‘ಅಕ್ಕಾ, ನೀವು ದಿನಾ ಅನ್ನೋದೇ ಅಲ್ವಾ ಅದು? ಕುಕ್ಕರ್ ಕೂಗಿದ್ರೂ, ಫೋನ್ ಹೊಡ್ಕೊಂಡ್ರೂ, ಬಂದೆ ಬಂದೆ ಅಂತ.’

ನಾನು ಅನ್ನುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮೂರು ವಾರ ಗಾಜಿನಾಚೆಯಿಂದ ಕದ್ದು ಕೇಳಿದ್ದನ್ನು ನನ್ನ ನಾಲಿಗೆ ಇಟ್ಟುಕೊಂಡುಬಿಟ್ಟಿತ್ತು. ಮಗಳನ್ನು ಎತ್ತಿಕೊಂಡು ಅತ್ತುಬಿಟ್ಟೆ. ಆ ಅಳುವಿನ ಮಧ್ಯೆಯೂ ಒಂದು ಮೂಲೆಯಲ್ಲಿ ಉರಿಯುತ್ತಲೇ ಇತ್ತು, ಸುಳ್ಳು ಹೇಳುವುದಿಲ್ಲ. ನನ್ನ ಮಗಳ ಮೊದಲ ಮಾತು, ಅದೂ ಅವರದೇ!

ಆದ್ದರಿಂದ ಅಧೀಕ್ಷಕರೇ, ಫಲಕ ತೆಗೆಸಿ. ಗಾಡಿಯ ಚಕ್ರಕ್ಕೆ ಎಣ್ಣೆ ಹಾಕಿಸಿ. ಪ್ರತಿ ಪೆಟ್ಟಿಗೆಯ ಪಕ್ಕ ಒಂದು ಕುರ್ಚಿ ಹಾಕಿ, ಅದರಲ್ಲಿ ತಾಯಿಯೋ ತಂದೆಯೋ ಕೂತು ಮೆಲ್ಲಗೆ ಮಾತಾಡಲಿ, ಹದಿನೈದು ನಿಮಿಷವಲ್ಲ, ಮಗು ತಾಳುವಷ್ಟು ಹೊತ್ತು. ನನ್ನ ಚೀಟಿಯನ್ನು ಫೈಲಿನಿಂದ ತೆಗೆದು, ಅದರ ಜಾಗದಲ್ಲಿ ಈ ಪತ್ರವನ್ನಿಡಿ. ಬಂದೆ ಸಿಸ್ಟರನ್ನು ಮೇಲಕ್ಕೆ ಕಳಿಸಿ. ಈ ಪತ್ರ ಅವರೂ ಓದುತ್ತಾರೆ, ಚೀಟಿ ಯಾರದ್ದೆಂದು ತಿಳಿದು ನನ್ನ ಮುಖ ನೋಡಲೂ ಬೇಡವೆನಿಸಬಹುದು, ಅದಕ್ಕೆ ಸಿದ್ಧಳಿದ್ದೇನೆ. ಆ ಬೆಂಚಿನ ಮೇಲೆ ಈಗಲೂ ಯಾರೋ ಒಬ್ಬ ತಾಯಿ ಕೂತಿರುತ್ತಾಳೆ. ಅವಳ ಮಗುವೂ ಸಿಸ್ಟರ್ ದನಿಗೆ ತಿರುಗಲಿ, ಅವಳಿಗೂ ನನ್ನ ಹಾಗೆಯೇ ಹೊಟ್ಟೆ ಉರಿಯಲಿ. ಹಾಗೆ ಉರಿದುಕೊಳ್ಳುವ ಭಾಗ್ಯವನ್ನು ಅವಳಿಂದ ಕಿತ್ತುಕೊಂಡವಳು ನಾನು.

ಇಂತಿ,
ಊರಿಗೆಲ್ಲ ಕೇಳುವಂತೆ ಮಾತಾಡಿ, ಮಾತಾಡಬೇಕಾದಲ್ಲಿ ಚೀಟಿ ಬರೆದವಳು,
ಆರನೇ ನಂಬರಿನ ತಾಯಿ