ಒಂದೇ ಹಾಳೆಗೆ ಲ್ಯಾಮಿನೇಷನ್

ಬಾಣಸವಾಡಿ, ಬೆಂಗಳೂರು
೯ ನವೆಂಬರ್ ೨೦೦೩, ಭಾನುವಾರ

ಪ್ರೀತಿಯ ಅಜ್ಜಾ,

ನಿನ್ನ ಮೊಮ್ಮಗಳು ಸೃಷ್ಟಿಯ ನಮಸ್ಕಾರ, ಅದರ ಬೆನ್ನಿಗೇ ಒಂದು ಸೆಲ್ಯೂಟು. ಮಂಡಿನೋವು ಹೇಗಿದೆ? ಮುದ್ದೇಬಿಹಾಳದ ಬಿಸಿಲಿಗೆ ಮಂಡಿ ಸಡಿಲವಾಗುತ್ತದೆಂದು ಜುಲೈಯಲ್ಲಿ ಹೊರಟವನು ನೀನು. ಈಗ ನವೆಂಬರ್ ನಡೆಯುತ್ತಿದೆ. ಇಷ್ಟು ಹೊತ್ತಿಗೆ ಕಬಡ್ಡಿ ಆಡುವಷ್ಟಾದರೂ ಸಡಿಲವಾಗಿರಬೇಕು. ನಿನ್ನ ತಂಗಿ ಅಣ್ಣಮ್ಮಜ್ಜಿ ಆರೋಗ್ಯವೇ? ಬಿಪಿ ಮಾತ್ರೆಯನ್ನು ನೀನು ನುಂಗುತ್ತಿದ್ದೀಯೋ, ಇಲ್ಲಿ ಮಾಡುತ್ತಿದ್ದಂತೆ ತುಳಸಿಕಟ್ಟೆಗೆ ಹಾಕುತ್ತಿದ್ದೀಯೋ? ನೀನು ಹೋದ ಮೇಲೆ ನಮ್ಮ ತುಳಸಿಯ ಬಿಪಿ ಏರಿದೆ, ಎಲೆ ಉದುರಿಸುತ್ತಿದೆ. ಫೋನ್ ಮಾಡೋಣವೆಂದರೆ ಬೇಕಾದ ಮಾತು ನಿನಗೆ ಚೆನ್ನಾಗಿ ಕೇಳುತ್ತದೆ, ಬೇಡದ ಮಾತಿಗೆ "ಆಂ? ಏನಂದಿ?" ಎನ್ನುತ್ತೀ. ಆದ್ದರಿಂದ ಈ ಪತ್ರ. ಕಾಗದಕ್ಕೆ "ಆಂ" ಎನ್ನಲು ಬರುವುದಿಲ್ಲ.

ಮನೆಯಲ್ಲಿ ಎಲ್ಲರೂ ಕ್ಷೇಮ, ಅಜ್ಜಿಯ ಬಲಗಣ್ಣೊಂದನ್ನು ಬಿಟ್ಟು. ಪೊರೆ ಪೂರಾ ಬಲಿತಿದೆ. ಹೋದ ತಿಂಗಳು ಕೊರಿಯರ್ ಹುಡುಗ ಬಾಗಿಲಿಗೆ ಬಂದಾಗ ನಮ್ಮ ಸಂಜು ಕಾಲೇಜಿನಿಂದ ಬಂದನೆಂದುಕೊಂಡು "ತಲಿಗೆ ಎಣ್ಣಿ ಕಾಣ್ಸಿಲ್ಲೇನೋ ಹುಚ್ಚಪ್ಯಾಲಿ" ಎಂದು ಅವನ ತಲೆ ಸವರಿದಳು. ಅವನು ಸಹಿ ಹಾಕಿಸಿಕೊಳ್ಳುವುದನ್ನೂ ಮರೆತು ಓಡಿದ. ಮೂರು ದಿನ ಇದನ್ನು ಹೇಳಿಕೊಂಡು ನಕ್ಕೆ. ನಾಲ್ಕನೆಯ ದಿನ ಅಜ್ಜಿ ಮಹಡಿಯಿಂದ ಬಟ್ಟೆಯ ಬಕೆಟ್ಟು ಹಿಡಿದು ಇಳಿಯುವಾಗ ಕೊನೆಯ ಮೆಟ್ಟಿಲು ಕಾಣದೆ ಬಿದ್ದಳು. ಮೊಣಕೈ ಊದಿಕೊಂಡಿತು. ಆಮೇಲೆ ನಗಲಿಲ್ಲ.

ಆಪರೇಷನ್ನು ಮಿಲಿಟರಿ ಆಸ್ಪತ್ರೆಯಲ್ಲೇ ಆಗುತ್ತದೆ, ಮಾಜಿ ಸೈನಿಕರ ಹೆಂಡತಿಯೆಂಬ ಕಾರ್ಡು ಇದ್ದರೆ. ಕಾರ್ಡು ಸಿಗಬೇಕಾದರೆ ಸೈನ್ಯ ಬಿಡುವಾಗ ನಿನಗೆ ಕೊಟ್ಟ ಡಿಸ್ಚಾರ್ಜ್ ಪುಸ್ತಕದಲ್ಲಿ ಹೆಂಡತಿಯ ಜಾಗದಲ್ಲಿ ಅಜ್ಜಿಯ ಹೆಸರು ದಾಖಲಾಗಿರಬೇಕು. ಅಪ್ಪನಿಗೆ ಶಿಫ್ಟು, ಅಮ್ಮನಿಗೆ ಶಾಲೆ, ಸಂಜುವಿಗೆ ಆಲಸ್ಯ. ಹೀಗಾಗಿ ಪಿಯುಸಿ ಎರಡನೇ ವರ್ಷದ ಪರೀಕ್ಷೆಯನ್ನು ದೇಶಕ್ಕಾಗಿ ಬದಿಗಿಟ್ಟು ಈ ದಾಳಿಯ ನೇತೃತ್ವವನ್ನು ನಾನು ವಹಿಸಿಕೊಂಡೆ. ಸೋತು ಬಂದಿದ್ದೇನೆ. ಹೇಗೆ ಸೋತೆ ಎಂಬುದರ ವರದಿ ಕೇಳು.

ಮೊದಲನೆಯ ಸಲ ಒಬ್ಬಳೇ ಹೋದೆ. ಹಲಸೂರು ಕೆರೆಯ ಆಚೆಗಿನ ಆ ಕಚೇರಿಯ ಹೆಸರು ಬರೆಯುವುದಿಲ್ಲ, ಪತ್ರ ಯಾರ ಕೈಗೆ ಬಿದ್ದೀತೋ. ಒಂದೂವರೆ ಗಂಟೆ ನಿಂತ ಮೇಲೆ ಕೌಂಟರಿನವರು ತಲೆ ಎತ್ತಿ, "ತಾತ ಬದುಕಿದಾರಾ?" ಎಂದರು. ಬದುಕಿದ್ದಾರೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಆಗಲೇ ಒಂದು ಫಾರಂ ಎಳೆದಿದ್ದರು, ಅದನ್ನು ವಾಪಸ್ ಕಟ್ಟಿನೊಳಗೆ ತೂರಿಸಿದರು. "ತೀರಿಕೊಂಡಿದ್ರೆ ಫ್ಯಾಮಿಲಿಯವ್ರು ಬರ್ಬೋದಮ್ಮ. ಬದುಕಿದ್ರೆ ಅವ್ರೇ ಬರ್ಬೇಕು. ಇಲ್ಲಾಂದ್ರೆ ಅವ್ರ ಸೈನಿರೋ ಲೆಟರ್ ತಗೊಂಬನ್ನಿ, ಒರಿಜಿನಲ್ ಬುಕ್ ತಗೊಂಬನ್ನಿ." ಅಜ್ಜಾ, ನೀನು ಉಸಿರಾಡುತ್ತಿರುವುದು ಸರ್ಕಾರಿ ಕೆಲಸಕ್ಕೆ ಇಷ್ಟು ದೊಡ್ಡ ಅಡಚಣೆಯೆಂದು ನನಗೆ ಗೊತ್ತಿರಲಿಲ್ಲ. ಒಳಗೆ ನಿನ್ನ ಕಡತವೇ ಇದೆಯಂತೆ, ಅದನ್ನಾದರೂ ತೋರಿಸಿ ಎಂದೆ. ಅದೂ ನಿನಗೊಬ್ಬನಿಗೇ ಅಂತೆ. ನೀನು ಯಾವ ಬೆಟ್ಟದ ಮೇಲೆ ಎಷ್ಟು ಚಳಿಗಾಲ ನಿಂತಿದ್ದೆ ಎಂಬುದನ್ನು ಇಡೀ ಕಚೇರಿಯ ಇಲಿಗಳು ಓದಬಹುದು, ನಾವು ಓದುವಂತಿಲ್ಲ.

ಸಹಿ ಕೇಳಿ ನಿನಗೆ ಎರಡು ಪೋಸ್ಟ್‌ಕಾರ್ಡು ಬರೆದೆ. ಮಂಡಿನೋವಿನ ವರ್ಣನೆ ಬಂತೇ ಹೊರತು ಸಹಿ ಬರಲಿಲ್ಲ. ಮುಂದಿನದನ್ನು ಅಪ್ಪನಿಗೆ ಹೇಳಬೇಡ. ನಿನ್ನ ಪರವಾಗಿ ಒಂದು ಒಪ್ಪಿಗೆ ಪತ್ರ ಬರೆದು, ಕೊನೆಯಲ್ಲಿ ನಿನ್ನ ಸಹಿಯನ್ನು ನಾನೇ ಮಾಡಿದೆ. ಎಂಟನೇ ಕ್ಲಾಸಿನಿಂದ ಮಾರ್ಕ್ಸ್ ಕಾರ್ಡಿಗೆ ಮಾಡಿ ಪಳಗಿದ ಕೈ, ನೀನೇ ನೋಡಿದ್ದರೂ ನಿನ್ನದೇ ಎನ್ನುತ್ತಿದ್ದೆ. ಟ್ರಂಕಿನಿಂದ ಪುಸ್ತಕ ತೆಗೆದು, ಬಿಚ್ಚಿಯೂ ನೋಡದೆ ಚೀಲಕ್ಕೆ ಹಾಕಿ, ಅಜ್ಜಿಯನ್ನು ಕರೆದುಕೊಂಡು ಹೋದೆ. ಅವಳು ಮದುವೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟಿದ್ದಳು.

ಕೌಂಟರಿನವರು ಪತ್ರವನ್ನು ಪುಸ್ತಕದ ಪಕ್ಕ ಇಟ್ಟರು. ಸೈನ್ಯದಲ್ಲಿ ನೀನು ಇಂಗ್ಲಿಷ್ ಅಕ್ಷರದಲ್ಲಿ ಸಹಿ ಮಾಡುತ್ತಿದ್ದೆಯಂತೆ, ಅಲ್ಲೇ ಕಲಿಸಿದ್ದಂತೆ! ನಾನು ಮಾಡಿದ್ದು ಸುಂದರವಾದ ಕನ್ನಡದ ಸಹಿ. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಇಲಿ ಹಿಡಿದಂತೆ ಹಿಡಿದು, "ಇದನ್ನ ಮನೇಲೇ ಇಟ್ಕೊಳ್ಳಿ" ಎಂದು ಹಿಂದಕ್ಕೆ ಕೊಟ್ಟರು. ಆ ಅವಮಾನವನ್ನು ನುಂಗಿದೆ, ಅದಕ್ಕೆ ನಾನು ಅರ್ಹಳು. ಆಮೇಲೆ ಕುಟುಂಬದ ಹಾಳೆ ತೆರೆದರು. ಬೇರೆಲ್ಲ ಹಾಳೆಗಳೂ ಹಳೆಯ ಕಾಗದ, ಅದೊಂದು ಮಾತ್ರ ದಪ್ಪ ಪ್ಲಾಸ್ಟಿಕ್ಕಿನೊಳಗೆ ಥಳಥಳ ಹೊಳೆಯುತ್ತಿತ್ತು. ಅದರಲ್ಲಿ ಹೆಂಡತಿ ಎಂಬ ಕಡೆ ಬರೆದಿದ್ದ ಹೆಸರು ನೀಲವ್ವ.

ನಮ್ಮ ಮನೆಗೆ ಇನ್ನೊಬ್ಬ ಅಜ್ಜಿ ಇದ್ದಳೆಂದು ನನಗೆ ತಿಳಿದದ್ದು ಹೀಗೆ, ಕೌಂಟರಿನಲ್ಲಿ, ಹಿಂದೆ ಹನ್ನೊಂದು ಜನ ನಿಂತಿರುವಾಗ. "ವೈಫ್ ನೀಲವ್ವ ಅಂತಿದೆ. ಸತ್ತಿದಾರೆ ಅಂತ ಎಲ್ಲೂ ಇಲ್ಲ. ಹಾಗಾದ್ರೆ ಈ ಯಮ್ಮ ಯಾರು?" ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. ಸೈನ್ಯದ ಲೆಕ್ಕದಲ್ಲಿ ನೀಲವ್ವ ಬದುಕಿದ್ದಾಳೆ, ನಿನ್ನ ಜೊತೆ ಮೂವತ್ತೊಂಬತ್ತು ವರ್ಷ ಬಾಳಿದ ಶಿವಬಸಮ್ಮ ಹುಟ್ಟಿಯೇ ಇಲ್ಲ. ಅಜ್ಜಿ ಮುಂದೆ ಬಂದು, ಒಳ್ಳೆಯ ಕಣ್ಣನ್ನು ಹಾಳೆಯ ಹತ್ತಿರ ಒಯ್ದು ನೋಡಿ, ಆ ಹೆಸರಿನ ಮೇಲೆ ಬೆರಳಿಟ್ಟಳು. "ನಾ ಇಕಿ ತಂಗಿ ಅದೀನ್ರಿ" ಎಂದಳು. ಅವರು ತಮ್ಮ ರಿಜಿಸ್ಟರಿನಲ್ಲಿ, ಬಂದವರಿಗೂ ಸೈನಿಕರಿಗೂ ಏನು ಸಂಬಂಧ ಎಂಬ ಅಂಕಣದಲ್ಲಿ, "ಹೆಂಡತಿಯ ತಂಗಿ" ಎಂದು ಬರೆದುಕೊಂಡರು. ಅಜ್ಜಾ, ನಿನ್ನ ಹೆಂಡತಿ ಅದರ ಕೆಳಗೆ ಸಹಿ ಮಾಡಿ ಬಂದಿದ್ದಾಳೆ.

ಗೇಟಿನ ಹೊರಗೆ ಮಡಚುವ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ಖಾದರ್ ಸಾಹೇಬರನ್ನು ನೀನು ಬಲ್ಲೆ. ತಾವೂ ನಿವೃತ್ತ ಸುಬೇದಾರರು, ಗಡ್ಡಕ್ಕೆ ಮೆಹಂದಿ, ಕೆಲಸಕ್ಕಿಂತ ಚಹಾ ಜಾಸ್ತಿ. ಅಜ್ಜಿಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ಪುಸ್ತಕ ನೋಡಿದರು. "ಅರೆ, ಶಿವಶಂಕರಪ್ಪ ಸಾಬ್ ಬುಕ್ಕಾ? ಜೂನ್‌ನಲ್ಲಿ ಅವರೇ ಬಂದಿದ್ರಲ್ಲ ಬೇಟಿ! ಮೊದಲ್ನೇ ಬೀವಿ ಹೆಸರ ಮೇಲೆ ಕೆಂಪು ಇಂಕಲ್ಲಿ ಗೀಟು ಎಳೀತಾರೆ, ಕೆಳಗೆ ಹೊಸ ಹೆಸರು ಬರೀತಾರೆ ಅಂತ ನಾನೇ ಹೇಳ್ದೆ. ಗೀಟು ಅಂದಿದ್ದೇ ಬುಕ್ ಮುಚ್ಚಿ ಎದ್ದುಹೋದ್ರು. ಚಹಾನೂ ಕುಡೀಲಿಲ್ಲ." ಈಗ ಈ ಪ್ಲಾಸ್ಟಿಕ್ಕಿನ ಮೇಲೆ ಪೆನ್ನೂ ಹತ್ತುವುದಿಲ್ಲ, ಮುದ್ರೆಯೂ ನಿಲ್ಲುವುದಿಲ್ಲ. ಪುಸ್ತಕ ಕೆಟ್ಟಿದೆಯೆಂದು ಹೊಸದಕ್ಕೆ ಅರ್ಜಿ ಹಾಕಬೇಕು, ಅದಕ್ಕೂ ನೀನೇ ಬರಬೇಕು. ಹಳೆಯದನ್ನು ಅವರು ಇಟ್ಟುಕೊಳ್ಳುತ್ತಾರೆ. ಇದೆಲ್ಲದಕ್ಕೂ ಮೊದಲು ನೀಲವ್ವನ ಮರಣಪತ್ರ ಬೇಕು. ಆಗ ಊರಲ್ಲಿ ಬರೆಸಿಲ್ಲದಿದ್ದರೆ, ಸಾವನ್ನು ಕಂಡವರು ಮುದ್ದೇಬಿಹಾಳದ ತಾಲ್ಲೂಕು ಕಚೇರಿಯಲ್ಲಿ ನಿಂತು ಹೇಳಬೇಕು.

ಪ್ಲಾಸ್ಟಿಕ್ಕನ್ನಾದರೂ ಬಿಡಿಸೋಣವೆಂದು ಮರುದಿನ ಶಿವಾಜಿನಗರದ ಲ್ಯಾಮಿನೇಷನ್ ಅಂಗಡಿಗಳನ್ನು ಹತ್ತಿ ಇಳಿದೆ. ಬಸ್ ನಿಲ್ದಾಣದ ಹಿಂದಿನ ನಾಲ್ಕನೆಯ ಅಂಗಡಿಯವನು ಪುಸ್ತಕದ ಗುರುತು ಹಿಡಿದ. "ಇದು ಇನ್ನು ಬಿಡಲ್ಲಮ್ಮ, ಎಳೆದ್ರೆ ಅಕ್ಷರಾನೂ ಬರತ್ತೆ. ನಾನು ಪೂರ್ತಿ ಬುಕ್ಕು ಮಾಡ್ಕೊಡ್ತೀನಿ ಅಂದೆ. ತಾತ ಕೇಳ್ಲಿಲ್ಲ. ಇದೊಂದೇ ಹಾಳೆ, ದಪ್ಪದು ಹಾಕು ಅಂದ್ರು." ಅಲ್ಲಿಯವರೆಗೆ ನಾನು ಇದು ಮುದುಕರ ಜಾಗ್ರತೆ ಎಂದುಕೊಂಡಿದ್ದೆ. ನಮ್ಮ ರೇಷನ್ ಕಾರ್ಡು, ನನ್ನ ಜನ್ಮಪತ್ರ, ಕೊನೆಗೆ ಗ್ಯಾಸಿನ ರಸೀದಿಯನ್ನೂ ಲ್ಯಾಮಿನೇಷನ್ ಮಾಡಿಸಿದವನಲ್ಲವೇ ನೀನು. ಆದರೆ ಇದು ಜಾಗ್ರತೆಯಲ್ಲ, ಕೋಟೆ. ಕೆಂಪು ಇಂಕು ಒಳಗೆ ಬರದಂತೆ ಕಟ್ಟಿದ ಕೋಟೆ. ಕಟ್ಟಿ, ಬೀಗದ ಕೈಯನ್ನು ಮಂಡಿಯಲ್ಲಿಟ್ಟುಕೊಂಡು ಮುದ್ದೇಬಿಹಾಳಕ್ಕೆ ಹೋದೆ.

ಮನೆಗೆ ಬಂದು ಸಿಟ್ಟಿನಲ್ಲಿ ಅಜ್ಜಿಯ ಮುಂದೆ ಎಲ್ಲವನ್ನೂ ಒದರಿಬಿಟ್ಟೆ. ಅವಳು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು, ಕಣ್ಣಿನಿಂದಲ್ಲ, ಬೆರಳಿನಿಂದ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅರವತ್ತೆರಡರಲ್ಲಿ ನೀನು ಗಡಿಯಲ್ಲಿದ್ದಾಗ ಅವಳ ಅಕ್ಕ ಜ್ವರ ಬಂದು ಮೂರೇ ದಿನಕ್ಕೆ ಹೋದಳಂತೆ. ತಂತಿ ನಿನ್ನ ಕೈಗೆ ಸಿಗುವಷ್ಟರಲ್ಲಿ ಮಣ್ಣು ಮಾಡಿ ತಿಂಗಳಾಗಿತ್ತಂತೆ. ಎರಡು ವರ್ಷದ ಮೇಲೆ ನೀನು ಸೈನ್ಯ ಬಿಟ್ಟು ಬಂದಾಗ, ಮನೆಯ ಅಳಿಯ ಹೊರಗೆ ಹೋಗಬಾರದೆಂದು ಹಿರಿಯರು ಇವಳನ್ನು ನಿನಗೆ ಕಟ್ಟಿದರಂತೆ. "ಅವರು ಆಕಿ ಮಾರಿ ನೋಡಲಿಲ್ಲ, ಮಣ್ಣೂ ಹಾಕಲಿಲ್ಲ. ಈಗ ಗೀಟು ಹಾಕು ಅಂದ್ರ ಹ್ಯಾಂಗ ಹಾಕ್ಯಾರು? ಬಿಡು" ಎಂದಳು.

ನನಗೆ ಬಿಡಲಾಗುವುದಿಲ್ಲ ಅಜ್ಜಾ. ಈ ಪತ್ರವನ್ನು ತಮಾಷೆಯಾಗಿಯೇ ಮುಗಿಸಬೇಕೆಂದು ಕೂತಿದ್ದೆ, ಆಗುತ್ತಿಲ್ಲ. ನೀಲಜ್ಜಿಯ ಬಗ್ಗೆ ನನಗೆ ಸಿಟ್ಟಿಲ್ಲ, ಪಾಪ, ನನಗಿಂತ ಮೂರು ವರ್ಷವಷ್ಟೇ ದೊಡ್ಡವಳಾಗಿ ಹೋದವಳು. ಸಿಟ್ಟು ಆ ಕೌಂಟರಿನ ಮೇಲೆ, ಸತ್ತರೆ ಬನ್ನಿ ಎನ್ನುವ ನಿಯಮದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನಿನ್ನ ಮೇಲೆ. ಒಬ್ಬಳನ್ನು ಕಾಗದದಲ್ಲಿ ಉಳಿಸಿಕೊಳ್ಳಲು ಎದುರಿಗಿರುವವಳ ಕಣ್ಣು ಹೋಗಲಿ ಎಂದು ನೀನು ಬಯಸಿದವನಲ್ಲ, ಗೊತ್ತು. ಆದರೆ ಆಗುತ್ತಿರುವುದು ಅದೇ. ಗೀಟು ಎಳೆಯುವಾಗ ನೀನು ನೋಡಬೇಡ, ಗೋಡೆ ಕಡೆ ತಿರುಗಿ ನಿಲ್ಲು. ನಾನು ಪಕ್ಕದಲ್ಲಿರುತ್ತೇನೆ. ನಗಿಸುವುದಿಲ್ಲ, ಆಣೆ.

ಅಪ್ಪ, ಅಮ್ಮ ನಮಸ್ಕಾರ ಹೇಳಿದ್ದಾರೆ. ಸಂಜು ಮಲಗಿದ್ದಾನೆ, ಎದ್ದಿದ್ದರೆ ಅವನೂ ಹೇಳುತ್ತಿದ್ದ. ಅಣ್ಣಮ್ಮಜ್ಜಿಯ ಪಾದಕ್ಕೆ ನನ್ನ ಶರಣು. ನಿನ್ನ ಆಶೀರ್ವಾದ ಟಪಾಲಿನಲ್ಲಿ ಬೇಡ, ಖುದ್ದಾಗಿ ಬಂದು ತಲೆಯ ಮೇಲೆ ಕೈಯಿಡು.

ಸಹಿ ಪರಿಣತೆ, ಸದ್ಯಕ್ಕೆ ತನ್ನದೇ ಸಹಿ ಮಾಡುತ್ತಿರುವ ನಿನ್ನ
ಸೃಷ್ಟಿ

ತಾ. ಕ.: ಪತ್ರವನ್ನು ಅಂಟಿಸುವ ಮೊದಲು ಅಜ್ಜಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಎದ್ದುಹೋಗಿ ಚೀಲಕ್ಕೆ ಸೀರೆ ತುಂಬಲು ಕುಳಿತಿದ್ದಾಳೆ. ಬರುವ ಭಾನುವಾರ ಸಂಜೆಯ ಬಸ್ಸಿಗೆ ಅಪ್ಪ ಟಿಕೆಟ್ ತರಲು ಹೋದರು, ಸೋಮವಾರ ಬೆಳಿಗ್ಗೆ ಅವಳು ಮುದ್ದೇಬಿಹಾಳದಲ್ಲಿರುತ್ತಾಳೆ. "ಅಕ್ಕ ಸಾಯೂಮುಂದ ಅವರು ಇರಲಿಲ್ಲ, ಅವರು ಏನಂತ ಹೇಳ್ಯಾರು? ಆಕಿ ತಲಿ ನನ್ನ ತೊಡಿ ಮ್ಯಾಲಿತ್ತು. ತಾಲೂಕ ಕಚೇರ್ಯಾಗ ನಾ ನಿಂತು ಹೇಳ್ತೀನಿ. ಅವರು ಸುಮ್ಮ ನನ್ನ ಜೋಡಿ ಬಂದು ಕುಂದರ್ಲಿ" ಎನ್ನುತ್ತಿದ್ದಾಳೆ. ನಾನೂ ಬರುತ್ತೇನೆಂದರೆ ಕೇಳುತ್ತಿಲ್ಲ, ಇದು ಅವರಿಬ್ಬರ ನಡುವಿನದಂತೆ. ಇಬ್ಬರೆಂದರೆ ನೀನೂ ಅವಳೂ ಅಲ್ಲ, ಅಕ್ಕ ತಂಗಿ. ಅಜ್ಜಾ, ಆರು ಗಂಟೆಗೇ ಸ್ಟ್ಯಾಂಡಿನಲ್ಲಿ ನಿಂತಿರು. ಬಸ್ಸಿನ ಕೊನೆಯ ಮೆಟ್ಟಿಲು ಅವಳಿಗೆ ಕಾಣುವುದಿಲ್ಲ, ಬಲಗಡೆಯಿಂದ ಕೈ ಹಿಡಿ.