ಗೇಜ್ ಇನ್ನೂರು ತೋರಿಸುತ್ತಿತ್ತು

ಸೋಮವಾರ, 3 ಫೆಬ್ರವರಿ. ಬೆಳಿಗ್ಗೆ 7

ಸಾರಿ. ಡೈವಿಂಗ್ ಲಾಗ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಇಂಥದ್ದೆಲ್ಲ ಬರೆಯಬಾರದು. ಬೇರೆ ನೋಟ್‌ಬುಕ್ ಇಲ್ಲ.

ಹೆಲ್ಮೆಟ್ ಒರೆಸಿದ್ದಾಯಿತು. ನಮ್ಮ ಡೈವಿಂಗ್ ಕೋರ್ಸಿನ ಫಸ್ಟ್ ಇಯರ್‌ನವರಿಗೆ ಇವತ್ತು ಮೊದಲ ನಿಜವಾದ ಕೆಲಸ — ಕುಣಿಕೋಣೂರ ಹತ್ತಿರ ಕೆರೆಯ ಪಂಪ್ ಬಾವಿಯಲ್ಲಿ ಪೈಪಿನ ಬಾಯಿಯ ಜಾಳಿಗೆ ಸ್ವಚ್ಛ ಮಾಡುವುದು. ಮಹಾಂತ ಇಳಿಯುತ್ತಾನೆ. ಮೇಲೆ ಅವನಿಗೆ ಗಾಳಿ ಹೋಗುವ ಹೋಸ್ ಹಿಡಿಯುವವಳು ನಾನು. ಬೆನ್ನಿನ ಎಮರ್ಜೆನ್ಸಿ ಸಿಲಿಂಡರ್ ಚೆಕ್... ಗೇಜ್ ಇನ್ನೂರು, ಭರ್ತಿ. ಟಿಕ್.

"ದೀಪಾಲಿ, ನೀ ಯಾಕ ಅಂಜತಿ? ನೀರಾಗ ಹೋಗಾಂವ ನಾ," ಅಂದ.

ಸಂಜೆ

ಕೆಳಗೆ ಕಬ್ಬಿಣಕ್ಕೆ ತಾಗಿ ಹೋಸ್ ಸೀಳಿತು. ಸ್ಪೀಕರಿನಲ್ಲಿ ಅವನ ದನಿ: "ಗಾಳಿ ಹೋತು." ನೂರು ಸಲ ಮಾಡಿದ ಡ್ರಿಲ್. ಹೆಲ್ಮೆಟ್ ಬದಿಯ ಗುಂಡಿ ತಿರುವಿದರೆ ಬೆನ್ನಿನ ಗಾಳಿ ಬರುತ್ತದೆ. "ಬಂತು," ಅಂದ. ಆಮೇಲೆ — "ಇಲ್ಲ. ನಿಂತ್ತು."

ನಮಗೆ ಕಲಿಸುವ ಲಗಮಣ್ಣ ಸರ್ ಮೈಕಿನಲ್ಲಿ, "ಆಳ ಅಳೆಯೋ ಸಣ್ಣ ಪೈಪ್ ಐತಲ್ಲ, ಅದರ ತುದಿ ಹೆಲ್ಮೆಟ್ಟಿನ ಕುತ್ತಿಗಿ ರಬ್ಬರಿನಾಗ ತುರುಕು. ಗಾಳಿ ಬಿಡತೀನಿ. ಮಹಾಂತ, ಕೇಳಸ್ತದೇನು?"

ಹೋಸಿನ ಜೊತೆ ಕಟ್ಟಿದ ಹಗ್ಗ ಹಿಡಿದೆ. ಎಳೆದೆ. ಎಳೆದೆ. ತುಟಿ ನೀಲಿ. ಉಸಿರಿತ್ತು.

ಗುರುವಾರ, 6 ಫೆಬ್ರವರಿ

ಸಿಲಿಂಡರಿನ ವಾಲ್ವ್ ಬಂದ್ ಮಾಡಿದವಳು ನಾನು. ಗೇಜ್ ನೋಡಲು ತೆರೆದೆ, ನೋಡಿದೆ, ಕೈ ತಾನೇ ಮುಚ್ಚಿತು. ಹತ್ತು ವರ್ಷ ಹಾಸ್ಟೆಲ್, ಟ್ಯಾಂಕರ್ ನೀರು. ನಳ ತೆರೆದೇ ಬಿಟ್ಟರೆ ಬೆರಳಿನ ಗೆಣ್ಣಿಗೆ ಸ್ಕೇಲಿನ ಏಟು. ಮುಚ್ಚಿದ ಮೇಲೂ ಪೈಪಿನೊಳಗೆ ಉಳಿದ ಗಾಳಿಗೆ ಮುಳ್ಳು ಇನ್ನೂರರಲ್ಲೇ ನಿಂತಿತ್ತು. ಅವನಿಗೆ ಸಿಕ್ಕಿದ್ದು ಅಷ್ಟೇ. ಎರಡು ಉಸಿರು.

ಇನ್ನೊಂದು. ಅವನನ್ನು ಗಾಡಿಗೆ ಹಾಕುವ ಗದ್ದಲದಲ್ಲಿ, ಯಾರೂ ನೋಡುವ ಮೊದಲು, ವಾಲ್ವ್ ತೆರೆದಿಟ್ಟೆ.

ಶುಕ್ರವಾರ, 7

ಜತ್ತದ ಆಸ್ಪತ್ರೆ. ಅವನ ಅವ್ವ ಗುರವ್ವ ನನ್ನ ಕೈ ಬಿಡಲೊಲ್ಲರು. "ನೀ ಎಳೀಲಿಲ್ಲಂದ್ರ ನನ್ನ ಮಗ ಇರತಿದ್ದಿಲ್ಲ ಯವ್ವಾ. ಕುಂದ್ರು, ರೊಟ್ಟಿ ತಿನ್ನು."

ಮಹಾಂತ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. "ಎರಡ ಉಸರ ಬಂದು ನಿಂತ್ತು ಅಂದ್ರ ಸರ್ ನಂಬವಲ್ರು. ಸಿಲಿಂಡರ್ ತುಂಬೈತಿ, ವಾಲ್ವ್ ತೆರದೈತಿ, ನೀನ ಗಾಬರಿಯಾಗಿ ಗುಂಡಿ ಉಲ್ಟಾ ತಿರವಿದಿ ಅಂತಾರ. ನನಗೂ ಹಂಗ ಅನಸಾಕ ಹತ್ತೈತಿ." ಹೊದಿಕೆ ಎಳೆದುಕೊಂಡು, "ಸೋಮವಾರ ಕೋರ್ಸಿನಿಂದ ಹೆಸರ ತಗೀತಾರಂತ. ತಗೀಲಿ. ಮಾಡಗ್ಯಾಳದಾಗ ಮಾವನ ಕುರಿ ಅದಾವ. ಅವಕ್ಕ ಹೆಲ್ಮೆಟ್ ಬೇಕಾಗಂಗಿಲ್ಲ."

ತಾನೇ ನಕ್ಕ. ಕೆಮ್ಮು ಬಂತು. ನಾನು ಗುರವ್ವ ಕೊಟ್ಟ ರೊಟ್ಟಿ ತಿಂದು ಬಂದೆ.

ಭಾನುವಾರ, 9. ಮಧ್ಯಾಹ್ನ

ಸರ್‌ಗೆ ಮೆಸೇಜ್. ಏಳು ಸಲ ಟೈಪ್ ಮಾಡಿ ಅಳಿಸಿದೆ. ಕಡೆಗೆ ಹೋದದ್ದು ಇದು —

'ಸರ್, ವಾಲ್ವ್ ಬಂದ್ ಮಾಡಿದವಳು ನಾನು. ಆಮೇಲೆ ತೆರೆದವಳೂ ನಾನೇ. ಮಹಾಂತ ಗುಂಡಿ ಸರಿಯಾಗೇ ತಿರುವಿದ್ದ. ತೆಗೆಯುವುದಾದರೆ ನನ್ನ ಹೆಸರು ತೆಗೆಯಿರಿ.'

ನಾಲ್ಕೂವರೆ. ಸರ್ ಓದಿದ್ದಾರೆ. ಏನೂ ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ಮತ್ತೊಂದು ಕಳಿಸಿದೆ —

'ಸರ್, ನಾಳೆ ಮುಂಜಾನೆ ಅವನ ಹೆಸರ ತಗಿಯೋದರೊಳಗ... ಲಗೂನ ಉತ್ತರ ಕೊಡ್ರಿ.'